ಮನುಷ್ಯರಿಲ್ಲದ ಹನ್ನೊಂದು ಟ್ಯೂಬು

ತಾರೀಖು ಹದಿನಾಲ್ಕು, ಗುರುವಾರ, ಮಧ್ಯಾಹ್ನ

ಫೋನು ಎತ್ತದ ಮೊಮ್ಮಗಳು ಚೂಟಿಗೆ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ಕೂತು ಓದು. ಅರ್ಧ ಓದಿ ದಿಂಬಿನ ಕೆಳಗೆ ತುರುಕಿದರೆ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಚಿಕ್ಕವಳಿದ್ದಾಗ ಔಷಧಿಯನ್ನೂ ಹಾಗೆಯೇ ಅರ್ಧ ಕುಡಿದು ಉಳಿದದ್ದನ್ನು ಹೂಕುಂಡಕ್ಕೆ ಸುರಿದವಳು ನೀನು. ಐವತ್ತು ದಿನವಾಯಿತು. ಅಮ್ಮನ ಫೋನು ಎತ್ತುವುದಿಲ್ಲ, ನನ್ನದನ್ನೂ ಎತ್ತುವುದಿಲ್ಲ. ದಿನವಿಡೀ ಕಂಡವರ ಮೂಗಿನಲ್ಲಿ ಏನಿದೆ ಎಂದು ಹುಡುಕುವವಳಿಗೆ ಸ್ವಂತ ಮನೆಯಲ್ಲಿ ಏನಾಗಿದೆ ಎಂದು ಕೇಳಲು ಪುರುಸೊತ್ತಿಲ್ಲ. ‘ನಾವೆಲ್ಲ ಚೆನ್ನಾಗಿದ್ದೇವೆ’ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಂತೆ. ಚೆನ್ನಾಗಿಲ್ಲ, ಅದಕ್ಕೇ ಬರೆಯಲಿಲ್ಲ.

ನಿನ್ನ ಅಮ್ಮನಿಗೆ ನಾನು ಬರೆಯುತ್ತಿರುವುದು ಗೊತ್ತಿಲ್ಲ. ಹಿತ್ತಲಲ್ಲಿ ಕೂತು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಾಳೆ. ಕೆಲಸಕ್ಕೆ ಬರಬೇಡ ಎಂದ ದಿನದಿಂದ ಅವಳ ದಿನಚರಿ ಕೇಳು: ಬೆಳಿಗ್ಗೆ ಐದಕ್ಕೆ ಎದ್ದು ನರ್ಸಿನ ಬಟ್ಟೆಗೆ ಇಸ್ತ್ರಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಾಳೆ. ಸಂಜೆ ಅದನ್ನೇ ತೆಗೆದು ಮಡಿಸುತ್ತಾಳೆ. ಮಾರನೆಯ ದಿನ ಮತ್ತೆ ಇಸ್ತ್ರಿ. ನೋಡಿ ನೋಡಿ ನನಗೆ ತಲೆ ಕೆಟ್ಟುಹೋಗಿದೆ. ಬರುವ ತಿಂಗಳು ಮೂರನೆಯ ತಾರೀಖು ಆಫೀಸರು ಆದೇಶಕ್ಕೆ ಸಹಿ ಹಾಕುತ್ತಾನಂತೆ. ಹಾಕಿದರೆ ಇಪ್ಪತ್ತೆರಡು ವರ್ಷದ ಕೆಲಸ ಹೋಯಿತು, ಬೇರೆ ಆಸ್ಪತ್ರೆಯವರೂ ಬಾಗಿಲಿಗೆ ಸೇರಿಸುವುದಿಲ್ಲ. ಮಾಡಿದ ತಪ್ಪಿಗೆ ಹೋಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಮಾಡದ ತಪ್ಪಿಗೆ ಹೋಗುತ್ತಿದೆ.

ನಿನಗೆ ಗೊತ್ತಿರುವುದನ್ನು ಮೊದಲು ಹೇಳಿ ಮುಗಿಸುತ್ತೇನೆ.

ನೀನು ರಜೆಗೆ ಬಂದಾಗ ಅಡುಗೆಮನೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ನಿನ್ನ ಲ್ಯಾಬಿನ ಕೆಲಸ ವಿವರಿಸಿದ್ದೆ. ಕಡ್ಡಿಯ ತುದಿಗೆ ಅಂಟಿದ್ದನ್ನು ಟ್ಯೂಬಿನ ಮದ್ದಿನಲ್ಲಿ ಬಿಡಿಸಿ, ಶುದ್ಧ ಮಾಡಿ, ಯಂತ್ರದೊಳಗಿಟ್ಟು ಬಿಸಿ ಮಾಡಿ ತಣಿಸಿ, ಬಿಸಿ ಮಾಡಿ ತಣಿಸಿ, ನಲವತ್ತು ಸಲ. ಕೊರೊನಾದ ಒಂದು ಚೂರು ಇದ್ದರೂ ಅದು ಎರಡಾಗಿ, ನಾಲ್ಕಾಗಿ, ಯಂತ್ರದ ಕಣ್ಣಿಗೆ ಬೀಳುವಷ್ಟು ಆಗುತ್ತದೆ ಎಂದಿದ್ದೆ. ಅದರ ಜೊತೆಗೆ ಯಂತ್ರ ಇನ್ನೊಂದನ್ನೂ ಹುಡುಕುತ್ತದೆ, ಮನುಷ್ಯನದೇ ಒಂದು ಚೂರನ್ನು. ಕಡ್ಡಿ ನಿಜಕ್ಕೂ ಯಾರದೋ ಮೂಗಿಗೆ ಹೋಗಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ರೋಗದ್ದೂ ಇಲ್ಲ, ಮನುಷ್ಯನದ್ದೂ ಇಲ್ಲ ಅಂದರೆ ‘ರೋಗ ಇಲ್ಲ’ ಎಂದು ಬರೆಯುವ ಹಾಗಿಲ್ಲ, ‘ಪರೀಕ್ಷೆಯೇ ಆಗಿಲ್ಲ’ ಎಂದು ಬರೆಯಬೇಕು. ಅವತ್ತು ನಾನು ತಲೆಯಾಡಿಸಿದ್ದೆ. ಮೂರನೇ ಕ್ಲಾಸಿನಲ್ಲೂ ನಾನು ತಲೆಯಾಡಿಸಿಯೇ ಪಾಸಾದವಳು. ತಲೆ ಆಡಿತೆಂದರೆ ಮಾತು ಒಳಗೆ ಹೋಯಿತು ಎಂದು ನೀನಾದರೂ ನಂಬಬಾರದಿತ್ತು.

ಆ ಸೋಮವಾರ ನಮ್ಮ ಬೀದಿಯ ಐವತ್ತೆರಡು ಟ್ಯೂಬು ನಿನ್ನ ಲ್ಯಾಬಿಗೆ ಬಂದವು. ಹನ್ನೊಂದರಲ್ಲಿ ಮನುಷ್ಯರೇ ಇರಲಿಲ್ಲ. ನೀನು ಎರಡು ಸಲ ಯಂತ್ರಕ್ಕೆ ಹಾಕಿ ನೋಡಿದೆಯಂತೆ. ಆಮೇಲೆ ರಿಪೋರ್ಟು ಬರೆದೆ: ಈ ಹನ್ನೊಂದು ಕಡ್ಡಿ ಯಾರ ಮೂಗಿಗೂ ಹೋಗಿಲ್ಲ, ಇವರನ್ನು ಮತ್ತೆ ಕರೆದು ತೆಗೆಯಿರಿ. ತೆಗೆದವರ ಜಾಗದಲ್ಲಿ ನಿನ್ನ ಅಮ್ಮನ ಸಹಿ ಇತ್ತು. ಅದೇ ದಿನ ಸಂಜೆ ಅವಳಿಗೆ ಫೋನು ಮಾಡಿದೆ. ಅವಳು ಅದನ್ನು ಮೇಜಿನ ಮೇಲಿಟ್ಟು ಮಾತನಾಡುತ್ತಿದ್ದಳು, ನಿನ್ನ ಧ್ವನಿ ನನಗೂ ಕೇಳಿಸಿತು. ‘ಅವತ್ತು ಟ್ಯೂಬಿನ ಡಬ್ಬ ಯಾರ ಕೈಗೆ ಬಿಟ್ಟಿದ್ದೆ, ಅಮ್ಮ?’ ಎಂದು ಕೇಳಿದೆ. ‘ಯಾರ ಕೈಗೂ ಇಲ್ಲ, ನಂದೇ ತಪ್ಪು’ ಅಂದಳು. ‘ನನ್ನ ಹತ್ರನೂ ಸುಳ್ಳು ಹೇಳ್ತೀಯಾ’ ಎಂದು ಫೋನು ಇಟ್ಟುಬಿಟ್ಟೆ. ಅಷ್ಟೇ. ಅಲ್ಲಿಂದ ಇಬ್ಬರ ಬಾಯಿಗೂ ಬೀಗ. ಇಂಥ ಹಟ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ ಎಂದು ಬರೆಯಲು ಹೊರಟೆ. ಬರೆಯಲಾರೆ, ನಾನೇ ಇದ್ದೇನಲ್ಲ.

ಈಗ ನನ್ನ ಪಾಲಿನದು.

ಆ ದಿನ ಮುಚ್ಚಿದ ಶಾಲೆಯ ಮೊದಲ ಕೋಣೆಯಲ್ಲಿ ಅವಳು ಬೆಳಿಗ್ಗೆ ಏಳರಿಂದ ಮೂಗು ನೋಡುತ್ತಿದ್ದಳು. ಮೇಲಿಂದ ಕೆಳಗೆ ಆ ಪ್ಲಾಸ್ಟಿಕ್ ಅಂಗಿ, ಮುಖಕ್ಕೆ ಗಾಜಿನಂಥ ಪರದೆ, ಒಳಗೆಲ್ಲ ಬೆವರು. ಅದಕ್ಕೂ ಹಿಂದಿನ ಹದಿನೇಳು ದಿನ ಒಂದು ರಜೆಯಿಲ್ಲ. ನಾನು ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಹೋದಾಗ ನಲವತ್ತೊಂದು ಮುಗಿಸಿದ್ದಳು. ‘ಐದು ನಿಮಿಷ ಅಮ್ಮ, ಕಣ್ಣು ಮುಚ್ತೀನಿ, ಎಬ್ಬಿಸು’ ಅಂದು ಪಕ್ಕದ ಕೋಣೆಯ ಮಕ್ಕಳ ಬೆಂಚಿನ ಮೇಲೆ ಉರುಳಿದಳು. ಪರದೆ ಎತ್ತಿದಾಗ ಮುಖ ನೋಡಿದೆ. ಮೂಗಿನ ಎರಡೂ ಕಡೆ ಚರ್ಮ ಕಿತ್ತು ಕೆಂಪಾಗಿತ್ತು. ಐದು ನಿಮಿಷಕ್ಕೆ ನಾನು ಎಬ್ಬಿಸಲಿಲ್ಲ. ಹತ್ತಕ್ಕೂ ಎಬ್ಬಿಸಲಿಲ್ಲ.

ಹೊರಗೆ ಹನ್ನೊಂದು ಜನ ಬಿಸಿಲಿನಲ್ಲಿ ನಿಂತಿದ್ದರು. ಮೂರು ಗಂಟೆಗೆ ಐಸ್ ಡಬ್ಬ ಒಯ್ಯುವ ಗಾಡಿ ಬರುತ್ತದೆ, ಪಟ್ಟಿ ತುಂಬದಿದ್ದರೆ ಮೇಲಿನವರು ಬಯ್ಯುತ್ತಾರೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಸಾಲಿನವರು ಗೊಣಗಿದರು. ಪೇಪರ್ ಹಾಕುವವನು ‘ಅಕ್ಕ ಎದ್ದೇಳೋದು ಯಾವಾಗ, ನಾವು ಮನೆಗೆ ಹೋಗೋದು ಯಾವಾಗ?’ ಎಂದು ಕೇಳಿದ. ನಾನು ಹೊರಗೆ ಬಂದು ಸಾಲನ್ನು ಮೇಲಿಂದ ಕೆಳಗೆ ನೋಡಿದೆ. ಎಲ್ಲರೂ ಗಟ್ಟಿಮುಟ್ಟು. ಜಗಳವಾಡುವ ಶಕ್ತಿ ಇರುವವರಿಗೆ ಎಲ್ಲಿಯ ರೋಗ ಎಂದುಕೊಂಡೆ. ದರ್ಜಿ ಒಬ್ಬ ಕೆಮ್ಮಿದ. ‘ಬಟ್ಟೆ ಧೂಳು ಅಜ್ಜಿ’ ಅಂದ. ನಂಬಿದೆ. ‘ಹೋಗ್ರಪ್ಪ, ನಿಮ್ಮನ್ನ ಆಮೇಲೆ ಕರೀತಾರೆ’ ಎಂದು ಕಳಿಸಿಬಿಟ್ಟೆ.

ಆಮೇಲೆ ಒಳಗೆ ಬಂದು ಹನ್ನೊಂದು ಪೊಟ್ಟಣ ಹರಿದು, ಕಡ್ಡಿ ತೆಗೆದು, ಟ್ಯೂಬಿನೊಳಗೆ ಅದ್ದಿ, ಗೆರೆ ಇದ್ದಲ್ಲಿ ಲಟಕ್ಕೆಂದು ಮುರಿದು, ಮುಚ್ಚಳ ಬಿಗಿದೆ. ಪಟ್ಟಿ ನೋಡಿ ಹೆಸರು ಬರೆದು ಚೀಟಿ ಅಂಟಿಸಿದೆ. ಎಷ್ಟು ದಿನ ಪಕ್ಕದಲ್ಲಿ ಕೂತು ನೋಡಿದ್ದೇನೆ, ಕೈ ಒಮ್ಮೆಯೂ ತಪ್ಪಲಿಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು: ಏನೂ ಇಲ್ಲದ ಕಡ್ಡಿಯಲ್ಲಿ ಯಂತ್ರಕ್ಕೆ ಏನೂ ಸಿಗುವುದಿಲ್ಲ, ‘ರೋಗ ಇಲ್ಲ’ ಎಂದು ಬರುತ್ತದೆ, ಮಗಳು ಅರ್ಧ ಗಂಟೆ ಮಲಗುತ್ತಾಳೆ. ಗಾಡಿಯ ಸದ್ದಿಗೆ ಅವಳು ಗಾಬರಿಯಿಂದ ಎದ್ದು ಬಂದಳು. ‘ಉಳಿದೋರು?’ ಅಂದಳು. ‘ನೀನೇ ತೆಗೆದೆಯಲ್ಲ, ನಿದ್ದೆಗಣ್ಣಲ್ಲಿ ನೆನಪಿಲ್ಲ ನಿನಗೆ’ ಎಂದೆ. ಕಣ್ಣು ಉಜ್ಜುತ್ತಾ ಸಹಿ ಹಾಕಿದಳು. ಖಾಲಿ ಕಡ್ಡಿಗಿಂತ ಆ ಮಾತು ದೊಡ್ಡ ತಪ್ಪು. ಅದನ್ನು ಯಾವ ಯಂತ್ರವೂ ಹಿಡಿಯಲಿಲ್ಲ.

ನಿನ್ನ ರಿಪೋರ್ಟು ಬಂದ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನನ್ನ ಕೆಲಸವೆಂದು ಅವಳಿಗೆ ಅರ್ಥವಾಗಿತ್ತು. ಆಫೀಸಿಗೆ ಹೋಗಿ ‘ಸುಸ್ತಾಗಿತ್ತು, ನಾನೇ ಹಾಗೆ ಮಾಡಿದೆ’ ಎಂದು ಬರೆದುಕೊಟ್ಟು ಬಂದಳು. ನಾನು ಅತ್ತೆ, ಬೈದೆ, ಎರಡು ದಿನ ಊಟ ಬಿಟ್ಟೆ. ‘ಈ ವಯಸ್ಸಲ್ಲಿ ನಿನ್ನನ್ನ ಕಚೇರಿ ಮೆಟ್ಟಿಲು ಹತ್ತಿಸಲ್ಲ’ ಅನ್ನುವುದೊಂದೇ ಅವಳ ಮಾತು.

ದರ್ಜಿಯ ವಿಷಯ ನಿನಗೆ ಯಾರು ಹೇಳಿದ್ದಾರೋ ಇಲ್ಲವೋ. ನಿನ್ನ ರಿಪೋರ್ಟಿನ ಮೇಲೆ ಹನ್ನೊಂದು ಜನರನ್ನೂ ಮತ್ತೆ ಕರೆದರು. ಅವನಿಗೆ ಕೊರೊನಾ ಇತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಾತಾಡಲು ಉಸಿರಿರಲಿಲ್ಲವಂತೆ, ಒಂಬತ್ತು ದಿನ ಆಮ್ಲಜನಕ ಕೊಟ್ಟರು. ಆಗ ಅವನ ಮನೆಯಲ್ಲಿ ಇಪ್ಪತ್ತು ದಿನದ ಕೂಸು. ಈಗ ಅಂಗಡಿ ತೆರೆದಿದ್ದಾನೆ. ನನ್ನನ್ನು ಕಂಡರೆ ಎದ್ದು ನಿಂತು ‘ನಿಮ್ಮ ಮೊಮ್ಮಗಳಿಂದ ಉಳಿದೆ ಅಜ್ಜಿ’ ಅನ್ನುತ್ತಾನೆ. ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೇನೆ. ನೀನು ಬರೆದದ್ದು ಸರಿ, ಚೂಟಿ. ಒಂದು ಅಕ್ಷರ ಬದಲಿಸು ಎಂದು ಕೇಳಲು ಈ ಕಾಗದವಲ್ಲ.

ಮೊನ್ನೆ ಮಂಗಳವಾರ ನಿನ್ನ ಅಮ್ಮನಿಗೆ ಕಣ್ಣಿನ ಡಾಕ್ಟರು ಎಂದು ಹೇಳಿ ಕಚೇರಿಗೆ ಹೋದೆ. ನಾಲ್ಕು ಕಿಟಕಿ ತಿರುಗಿಸಿದರು. ಮೊದಲ ಕಿಟಕಿಯವಳು ಪಿಂಚಣಿ ವಿಭಾಗ ಆ ಕಡೆ ಅಂದಳು, ಅಲ್ಲಿ ಹೋದರೆ ಊಟದ ಸಮಯ. ಎರಡು ತಾಸು ಕಾದು ಆಫೀಸರ ಎದುರು ಕೂತು ಎಲ್ಲ ಒಪ್ಪಿಕೊಂಡೆ. ಅವನು ನೀರು ತರಿಸಿಕೊಟ್ಟು ನಕ್ಕ. ‘ಅಜ್ಜಿ, ಮಗಳನ್ನ ಉಳಿಸೋಕೆ ಬಂದಿದ್ದೀರಿ. ಎಲ್ಲ ತಾಯಂದಿರೂ ಹೀಗೇನೇ’ ಅಂದ. ಕಳ್ಳತನ ಮಾಡದವರನ್ನು ಕಳ್ಳರು ಅನ್ನುವ ಲೋಕದಲ್ಲಿ ಮಾಡಿದೆ ಅಂದವಳನ್ನು ನಂಬುವವರಿಲ್ಲ. ಹೇಗೆ ಮುರಿದೆ ಎಂದು ತೋರಿಸಲು ಅವನ ಮೇಜಿನ ಪೆನ್ಸಿಲ್ಲನ್ನೇ ಲಟಕ್ಕೆನಿಸಿದೆ. ಆಗ ನಗು ನಿಂತಿತು. ಫೈಲು ತೆಗೆದು ನಿನ್ನ ರಿಪೋರ್ಟು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ‘ಇದರಲ್ಲಿ ನೀವೆಲ್ಲಿದ್ದೀರಿ ತೋರಿಸಿ’ ಅಂದ. ‘ದಾಖಲೆ ತನ್ನಿ. ಟ್ಯೂಬುಗಳು ಲ್ಯಾಬಿನ ಫ್ರೀಜರಿನಲ್ಲಿವೆ, ಈ ತಿಂಗಳ ಕೊನೆಗೆ ಸುಟ್ಟುಹಾಕ್ತಾರೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ.’

ಕೇಳಿಸಿತೇ. ನಲವತ್ತೊಂದು ಟ್ಯೂಬಿನ ಚೀಟಿ ನಿನ್ನ ಅಮ್ಮನ ಕೈಬರಹ, ಮುತ್ತು ಪೋಣಿಸಿದ ಹಾಗೆ. ಹನ್ನೊಂದರದ್ದು ನನ್ನದು, ಗೋಡೆ ಹತ್ತುವ ಇರುವೆ ಸಾಲಿನ ಹಾಗೆ. ನೀನು ಮಾಡಬೇಕಾದ್ದು ಇಷ್ಟೇ: ಎರಡೂ ಬಗೆಯ ಚೀಟಿಗಳ ಫೋಟೋ ತೆಗೆದು, ನಿನ್ನ ಮೇಲಿನವರ ಸಹಿ ಹಾಕಿಸಿ ಆಫೀಸರಿಗೆ ಕಳಿಸು. ಈ ಕಾಗದವನ್ನೂ ಜೊತೆಗಿಡು, ಅಕ್ಷರ ಹೋಲಿಸಿ ನೋಡಲಿ. ನನಗೆ ಏನು ಶಿಕ್ಷೆ ಕೊಡುತ್ತಾರೋ ಕೊಡಲಿ. ಜೈಲಿನಲ್ಲಾದರೂ ನಿಮ್ಮಿಬ್ಬರ ಮುಖ ನೋಡದೆ ನೆಮ್ಮದಿಯಾಗಿರುತ್ತೇನೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕೈಗವಸು ಹಾಕಿ ಹಾಕಿ ಬೆರಳು ಬಿರಿದಿದ್ದರೆ ರಾತ್ರಿ ಎಣ್ಣೆ ಹಚ್ಚು.

ಇಂತಿ,
ಆ ಹನ್ನೊಂದನ್ನು ಮುರಿದ ನಿನ್ನ ಅಜ್ಜಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ. ಆಫೀಸರು ಓದಿದ ನಿನ್ನ ರಿಪೋರ್ಟಿನಲ್ಲಿ ಚೀಟಿಗಳ ಬಗ್ಗೆಯೂ ಒಂದು ಸಾಲಿದೆ. ‘ಐವತ್ತೆರಡೂ ಚೀಟಿಗಳ ಬರಹ ಸ್ಪಷ್ಟವಾಗಿದೆ, ವ್ಯತ್ಯಾಸವಿಲ್ಲ’ ಎಂದು ಬರೆದಿದ್ದೀಯ. ನನ್ನ ಬರಹವನ್ನು ಸ್ಪಷ್ಟ ಅಂದವರು ಹುಟ್ಟಿದಾಗಿನಿಂದ ಒಬ್ಬರೂ ಇಲ್ಲ; ನೀನಂತೂ ಒಂದನೇ ಕ್ಲಾಸಿನಲ್ಲೇ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು. ಅಂದರೆ ನಿನಗೆ ಮೊದಲ ದಿನವೇ ಗೊತ್ತಿತ್ತು. ಡಬ್ಬ ಯಾರ ಕೈಗೆ ಬಿಟ್ಟಿದ್ದೆ ಎಂದು ಅಮ್ಮನನ್ನು ಕೇಳಿದ್ದು ಅದಕ್ಕೇ. ಅವಳು ನಿನ್ನಿಂದ ನನ್ನನ್ನು ಮುಚ್ಚಿಟ್ಟಳು, ನೀನು ಆಫೀಸರಿಂದ ಮುಚ್ಚಿಟ್ಟೆ. ಇಷ್ಟಾಗಿ ನೀನು ಅವಳನ್ನು ಸುಳ್ಳುಗಾತಿ ಅಂದುಕೊಂಡು ಮುಖ ತಿರುಗಿಸಿದ್ದೀಯ. ನಿಮ್ಮನ್ನು ಯಾರು ಕೇಳಿದರು? ನಾನೇನು ಒಡೆದುಹೋಗುವ ಗಾಜಿನ ಬಟ್ಟಲೇ? ಆ ಒಂದು ಸಾಲನ್ನು ತಿದ್ದು. ಸತ್ಯ ಬರೆದ ಕೈಯಲ್ಲಿ ಅದೊಂದು ಸುಳ್ಳು ನನ್ನಿಂದಾಗಿ ಉಳಿಯಬಾರದು. ತಿದ್ದಿ, ಮೊದಲು ನಿನ್ನ ಅಮ್ಮನಿಗೆ ಫೋನು ಮಾಡು, ಆಮೇಲೆ ನನಗೆ ಕಾಗದ ಬರೆ. ಬರುವ ತಿಂಗಳು ಕಾಲಿಡುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.