ಒದ್ದೆಗಾಲಿನ ಸ್ವಾಧೀನಾನುಭವ

ಮೇಲ್ಗಾಳಿ ಓಣಿ, ಹುಬ್ಬಳ್ಳಿ
ಫೆಬ್ರವರಿ ೩೧, ೨೩೮೭

ಹಿಂದಿನವರಾದ ನಿಮಗೆ ಮುಂದಿನವನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಟ್ಟಡ ಕಚೇರಿ ಒಮ್ಮೆ ‘ಫೆಬ್ರವರಿ ಮೂವತ್ತೊಂದಕ್ಕೆ ಮನೆಯ ಪತ್ರ ಖಂಡಿತ ಕೊಡುತ್ತೇವೆ’ ಎಂದು ಮಾತು ಕೊಟ್ಟಿತ್ತು. ಮಾತು ತಪ್ಪಬಾರದೆಂದು ಸರ್ಕಾರ ಕ್ಯಾಲೆಂಡರನ್ನೇ ತಿದ್ದಿತು. ಭಾಷೆ ವಿಚಿತ್ರವೆನಿಸಿದರೂ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಚೇರಿ ಕಡತಗಳಿಂದ.

ಹೊಸ ಕಟ್ಟಡದಲ್ಲಿ ವಾಸಿಸಲು ಅಪ್ಪಣೆ ಕೊಡುವ ಸ್ವಾಧೀನಾನುಭವ ಪತ್ರವನ್ನು ನೀವು ‘ಓಸಿ’ ಎನ್ನುತ್ತಿದ್ದಿರಂತೆ. ಪುಕ್ಕಟೆ ಸಿಗುವುದೂ ಓಸಿ, ಮಟ್ಕಾ ನಂಬರೂ ಓಸಿ. ಕಡತ ಓದಿದರೆ ನಿಮ್ಮ ಪತ್ರ ಮಟ್ಕಾಕ್ಕೇ ಹತ್ತಿರದ ಸಂಬಂಧಿಯೆನಿಸುತ್ತದೆ. ನಾವಾದರೋ ಆ ಉದ್ದನೆಯ ಹೆಸರನ್ನು ಅಕ್ಷರಶಃ ನಂಬಿದ್ದೇವೆ. ಅನುಭವ ಆಗದೆ ಪತ್ರವಿಲ್ಲ. ಕಚೇರಿಯಿಂದ ಒಬ್ಬ ‘ಅನುಭವಿ’ ಬಂದು, ಇಡೀ ದಿನ ಮನೆಯವನಂತೆ ಉಂಡು, ಮಲಗಿ, ಎದ್ದು, ‘ಹೌದು, ಇದು ಮನೆ’ ಅನ್ನಬೇಕು.

ಹೊಸ ಮನೆ ಕಟ್ಟಿಸಿದ್ದ ನಮಗೆ ಅವಸರವಿತ್ತು. ಅಕ್ಕ ನೀಲಾಂಬಿಕೆ ಬಸುರಿ, ಆ ವಾರವೇ ಅವಳ ಕುಬಸ, ಎಂದರೆ ಸೀಮಂತ. ಪತ್ರ ಸಿಗದಿದ್ದರೆ ಮತ್ತೆ ಬಾಡಿಗೆಯ ತೇಲುಕೋಣೆಯೇ ಗತಿ. ತೇಲುಕೋಣೆಯೆಂದರೆ ಗಾಳಿ ಬೀಸಿದತ್ತ ಹೋಗುವ ಮನೆ. ಅಕ್ಕನ ನಿಶ್ಚಯಕ್ಕೆ ಹೊರಟಿದ್ದ ಬೀಗರು ನಮ್ಮ ಕೋಣೆಯನ್ನು ಹುಡುಕಿ ಹುಡುಕಿ, ಗದಗಿನಲ್ಲಿ ಯಾರದೋ ಮದುವೆಯಲ್ಲಿ ಉಂಡು ಹೋಗಿದ್ದರು. ಊಟ ಚಲೋ ಇತ್ತಂತೆ.

ಬಂದ ಅನುಭವಿಯ ಹೆಸರು ಉಳ್ಳಾಗಡ್ಡಿ. ನಮ್ಮ ಮನೆಯೇನು ಕಡಿಮೆಯದಲ್ಲ: ಮನೆಮಂದಿಗೆ ಸಿಟ್ಟು ಬಂದರೆ ತಂಪಾಗುವ ಗೋಡೆ, ಬೇಡದ ನೆಂಟರು ಬಂದರೆ ಕೆಮ್ಮುವ ಬಾಗಿಲು, ಕಡಲೆಹಿಟ್ಟಿನ ಜುಣಕವನ್ನು ತಾನೇ ತಿರುವುವ ಬೋಗುಣಿ. ನಾವೆಲ್ಲ “ಕೂಡ್ರಿ ಸಾಹೇಬರ, ಏಳಬ್ಯಾಡ್ರಿ ಸಾಹೇಬರ” ಎನ್ನುತ್ತ ಅವರ ಹಿಂದೆಯೇ ಸುತ್ತಿದೆವು. ಸಂಜೆ ಉಳ್ಳಾಗಡ್ಡಿಯವರು ನಿಟ್ಟುಸಿರಿಟ್ಟರು.

“ಎಲ್ಲಾ ಚಲೋ ಐತ್ರಿ. ಖರೇ ಹೇಳ್ಬೇಕಂದ್ರ, ಅನುಭವ ಆಗವಲ್ದು.”

ಅಕ್ಕನ ಮುಖ ಬಾಡಿತು. ಹೊರಡುವ ಮುನ್ನ ಅವರು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ನೇರ ಪಡಸಾಲೆಗೆ ನಡೆದರು. ಅಲ್ಲಿ ಅವ್ವ ಬಗ್ಗಿ ನೆಲ ಒರೆಸುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

“ಎಷ್ಟ್ ಸಲ ಹೇಳ್ಬೇಕೋ ನಿನಗ, ಒದ್ದಿಗಾಲಿಲೆ ಬರಬ್ಯಾಡಂತ? ನಿಮ್ಮಪ್ಪ ಬಂದು ಒರಸ್ತಾನೇನು?”

ಬಹುಶಃ ನಾನೆಂದುಕೊಂಡಿದ್ದಳು. ಗೋಡೆಗೂ ಏನು ಮಾಡಬೇಕೆಂದು ತೋಚಲಿಲ್ಲ. ಉಳ್ಳಾಗಡ್ಡಿಯವರು ತೆಪ್ಪಗೆ ಹಿಂದೆ ಸರಿದು, ಕಾಲೊರಸಿನ ಮೇಲೆ ಎರಡೂ ಕಾಲು ತಿಕ್ಕಿ, “ತಪ್ಪಾತು ಯವ್ವಾ” ಎಂದರು. ಆಮೇಲೆ ನನ್ನತ್ತ ತಿರುಗಿದರು.

“ಆತ್ರಿ ಅನುಭವ. ನಮ್ಮ ಮನ್ಯಾಗೂ ಹಿಂಗ.”

ಮುದ್ರೆ ಬಿತ್ತು. ಕುಬಸ ಇದೇ ಮನೆಯಲ್ಲಾಯಿತು. ಅವರೂ ಬಂದಿದ್ದರು, ಬಾಗಿಲು ಕೆಮ್ಮಲಿಲ್ಲ.

ಹಿಂದಿನವರೇ, ಒಂದೇ ಕೋರಿಕೆ. ನಿಮ್ಮಲ್ಲಿ ಹಲವರು ಪತ್ರ ಬರುವ ಮೊದಲೇ ಹಾಲುಕ್ಕಿಸಿ ಕೂತುಬಿಟ್ಟಿರಿ. ನಿಮ್ಮ ಅರ್ಜಿಗಳು ಇನ್ನೂ ಇಲ್ಲಿಯ ಮೇಜಿನ ಮೇಲೇ ಇವೆ. ಅವುಗಳನ್ನು ಉಳ್ಳಾಗಡ್ಡಿಯವರಿಗೇ ವಹಿಸಿದ್ದಾರೆ. ಅವರು ಕಾಲ ದಾಟಿ ನಿಮ್ಮ ಬಾಗಿಲಿಗೆ ಬಂದರೆ ಕುರ್ಚಿ ಕೊಡಲು ಓಡಬೇಡಿ. ಮೊದಲು ಅವರ ಕಾಲು ನೋಡಿ.