ಪೇಟೆಗೆ ಹೊದಿಸಿದ ಕೌದಿ

ಹಳಿಯಾಳ ತಾಲೂಕು,
ಮೇ ೧೧, ೨೦೨೫

ನನ್ನ ಶಬನಮ್‌ಗೆ, ಅಮ್ಮಿಯ ದುವಾ ಮತ್ತು ಸ್ವಲ್ಪ ಸಿಟ್ಟು.

ಫೋನ್ ಮಾಡಿದರೆ ನೀನು ಅಳುತ್ತೀ, ನಿನ್ನ ದನಿ ಕೇಳಿ ನಾನೂ ಮೂಗು ಒರೆಸಿಕೊಳ್ಳುತ್ತೇನೆ, ಅಷ್ಟರಲ್ಲಿ ನಿಮ್ಮ ತರಬೇತಿಯವರು ಫೋನ್ ಇಡಿಸುತ್ತಾರೆ. ಅದಕ್ಕೇ ಈ ಪತ್ರ. ಅಂಗನವಾಡಿ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೈ ನನ್ನದು, ಓದಲು ತ್ರಾಸಾಗಲಿಕ್ಕಿಲ್ಲ.

ಬೆಂಕಿ ಆರಿಸುವ ನೌಕರಿಯೇ ಬೇಡ, ಬಾಬಾಜಿ ಮಾಮಾನನ್ನು ಬೆಂಗಳೂರಿಗೆ ಕಳಿಸು, ಅವನ ಜೊತೆ ಬಂದುಬಿಡುತ್ತೇನೆ ಎಂದೆ ನೀನು. ಓಡಿ ಓಡಿ ಕಾಲು ನೋಯುತ್ತವೆ ಎಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಿನ್ನ ಗುಂಗುರು ಕೂದಲು ನೋಡಿ ಯಾವ ದೇಶದವಳು ಎಂದು ದಿನಾ ಕೇಳುತ್ತಾರಂತೆ. ಸಿದ್ದಿ ಜನ, ತಲೆಮಾರುಗಳಿಂದ ಹಳಿಯಾಳದವರು ಎಂದರೆ ನಗುತ್ತಾರಂತೆ. ಕಡೆಗೆ ನಿನಗೇ ಇದು ನಮ್ಮ ಜಾಗ ಅಲ್ಲ ಅನ್ನಿಸಿತಂತೆ. ಇರಲಿ. ಮಾಮಾ ಅಳ್ನಾವರದಲ್ಲಿ ರೈಲು ಹತ್ತುತ್ತಾನೆ. ಬರುವುದು ಬಿಡುವುದು ನಿನಗೆ ಸೇರಿದ್ದು, ನಾನು ಒತ್ತಾಯ ಮಾಡುವವಳಲ್ಲ. ಅವನ ಕೈಯಲ್ಲಿ ಒಂದು ಗಂಟು ಕೊಟ್ಟಿದ್ದೇನೆ, ಈ ಪತ್ರ ಓದಿದ ಮೇಲೆ ಬಿಚ್ಚು.

ಹಳಿಯಾಳದ ಹಳೆ ಪೇಟೆ ಸುಟ್ಟ ಕಥೆ ನೀನು ಅರ್ಧ ಕೇಳಿದ್ದೀ. ಪೂರ್ತಿ ಹೇಳುತ್ತೇನೆ. ನಾನಾಗ ಶಾಲೆಯಲ್ಲಿ ಎರಡನೇ ಇಯತ್ತೆ. ಯುಗಾದಿಗೆ ಮುಂಚಿನ ಬಿಸಿಲು. ನಮ್ಮ ಊರಿನ ಬಾವಿಯಲ್ಲಿ ನೀರು ತಳ ಹಿಡಿದಾಗ, ನಮ್ಮ ಹೆಂಗಸರು ವರ್ಷವಿಡೀ ಹೊದ್ದ ಕೌದಿಗಳನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಪೇಟೆಯ ಹಿಂದಿನ ಕೆರೆಗೆ ಹೋಗಿ ಒಗೆಯುತ್ತಿದ್ದರು. ನಾನೂ ನನ್ನ ಅಮ್ಮಿಯ, ಅಂದರೆ ನಿನ್ನ ನಾನಿಯ, ಸೆರಗು ಹಿಡಿದು ಹೋಗಿದ್ದೆ.

ಆಗಿನ ಪೇಟೆಯನ್ನು ನೀನು ನೋಡಬೇಕಿತ್ತು. ಬೀದಿಯ ಎರಡೂ ಬದಿಯ ಅಂಗಡಿಯವರು ನೆರಳಿಗೆಂದು ಬಿದಿರು ತಟ್ಟಿಯ ಚಪ್ಪರ ಮುಂದೆ ಮುಂದೆ ಚಾಚಿದ್ದರಿಂದ ನಡುವೆ ಆಕಾಶವೇ ಕಾಣುತ್ತಿರಲಿಲ್ಲ. ಬೀದಿಯ ಬಾವಿಯ ಮೇಲೆ ಹಲಗೆ ಹಾಸಿ ಯಾರೋ ಬೆಲ್ಲದ ಅಂಗಡಿ ಇಟ್ಟಿದ್ದರು. ಕಿಡಿ ಎಲ್ಲಿಂದ ಹಾರಿತು ಎಂಬ ಜಗಳ ಇನ್ನೂ ಮುಗಿದಿಲ್ಲ. ಚಹಾದ ಒಲೆ ಎನ್ನುವವರಿದ್ದಾರೆ, ಬೀಡಿ ಎನ್ನುವವರಿದ್ದಾರೆ. ನಾನಿ ಮಾತ್ರ ನನಗೆ ಬೇರೆಯೇ ಹೇಳುತ್ತಿದ್ದಳು. "ಕಿಡಿ ದಿನಾ ಬೀಳತಿತ್ತು ಹುಸೇನಬಿ. ಬೆಂಕಿಗೆ ನಡದು ಹೋಗಾಕ ಚಪ್ಪರ ಕಟ್ಟಿಕೊಟ್ಟಾವ್ರು ಊರಾಗಿನ ಮಂದಿನ."

ಮಧ್ಯಾಹ್ನ ಹೊಗೆ ಎದ್ದಿತು. ಜನ ಕೆರೆಯ ಕಡೆಗೆ ಓಡಿ ಬಂದರು, ನಮ್ಮವರು ಪೇಟೆಯ ಕಡೆಗೆ ಓಡಿದರು. ನೀರು ಕುಡಿದ ಕೌದಿ ಎಂದರೆ ಗೊತ್ತಲ್ಲ, ಇಬ್ಬರು ಹಿಡಿದರೂ ಸೊಂಟ ಮುರಿಯುತ್ತದೆ. ಸೀರೆ ಮೇಲಕ್ಕೆ ಕಟ್ಟಿ ಅವನ್ನು ಹೊತ್ತುಕೊಂಡೇ ಹೋದರು. ಬೆಂಕಿ ಇನ್ನೂ ಮುಟ್ಟದಿದ್ದ ಮೊದಲ ಅಂಗಡಿ ಎಣ್ಣೆ ವ್ಯಾಪಾರದ ಮಹಾಂತಪ್ಪನವರದ್ದು. ಅದರ ಹಿಂದೆ ಹುಲ್ಲಿನ ಮಾಡಿನ ಮನೆಗಳ ಸಾಲು. ಕಳ್ಳರು ನುಗ್ಗಿದರು ಎಂದು ತಿಳಿದು ಮಹಾಂತಪ್ಪನವರು ಬಾಗಿಲಿಗೆ ಅಡ್ಡ ನಿಂತು ಬೈದರು. ನಾನಿ ಜಗಳಕ್ಕೆ ನಿಲ್ಲಲಿಲ್ಲ. ಏಣಿ ಹಿಡಿಯಿರಿ ಎಂದಳಂತೆ, ಅವರು ಹಿಡಿದರಂತೆ. ಆ ಮೇಲೆ ಕೌದಿಯ ಪಕ್ಕ ಕೌದಿ ಹಾಸಿ ಅಂಗಡಿಯ ಮಾಡನ್ನೆಲ್ಲ ಮುಚ್ಚಿದರು, ಒಣಗಿದಂತೆಲ್ಲ ಕೆರೆಯ ನೀರು ಹೊತ್ತು ಸುರಿದರು. ಬೆಂಕಿ ಅಲ್ಲಿಗೆ ಬಂದು, ದಾಟಲಾರದೆ, ಸಂಜೆ ಹೊತ್ತಿಗೆ ಬೂದಿಯಾಯಿತು. ಅರ್ಧ ಪೇಟೆ ಹೋಯಿತು, ಅರ್ಧ ಊರು ಉಳಿಯಿತು.

ಮರುವಾರ ಮಹಾಂತಪ್ಪನವರು ಹೊಸ ರಗ್ಗುಗಳ ಹೊರೆ ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಬೈದದ್ದಕ್ಕೆ ತಲೆ ತಗ್ಗಿಸಿದರು. ನಾನಿ ಅವರಿಗೆ ಚಹಾ ಕೊಟ್ಟು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ರಗ್ಗು ಒಯ್ರಿ ಸಾಹುಕಾರ್ರ, ಕೌದಿ ನಾವ ಹೊಲಕೋತೇವಿ. ಬಾವಿ ಬಾಯಿ ತೆರಸ್ರಿ. ಚಪ್ಪರ ಹಿಂದಕ ಸರಸ್ರಿ. ಈ ಊರು ನಮ್ದೂ ಹೌದಲ್ರಿ."

ಅವರು ಊರಿನ ಸಭೆಯಲ್ಲಿ ಅದನ್ನೇ ಹಟ ಹಿಡಿದು ಕೂತರು, ಮೊದಲು ತಮ್ಮ ಚಪ್ಪರವನ್ನೇ ಕಿತ್ತರು. ಈಗ ನೀನು ಬಸ್ ಇಳಿದು ಐಸ್‌ಕ್ಯಾಂಡಿ ತಿನ್ನುತ್ತ ಹೋಗುವ ಆ ಅಗಲ ಬೀದಿ, ಹಂಚಿನ ಅಂಗಡಿಗಳು, ನಡುವಿನ ತೆರೆದ ಬಾವಿ, ಎಲ್ಲ ಆ ಬೆಂಕಿಯ ನಂತರದ್ದು. ಯಾವ ದೇಶದವಳು ಎಂದು ಇನ್ನೊಮ್ಮೆ ಕೇಳಿದರೆ ಆ ಬೀದಿಯ ಹೆಸರು ಹೇಳು. ನನಗಂತೂ ಅಲ್ಲಿ ನಡೆಯುವಾಗ ಎದೆ ಉಬ್ಬುತ್ತದೆ, ಮುಚ್ಚಿಡುವುದೇಕೆ?

ಆ ದಿನ ನಾನಿಯ ಸ್ವಂತ ಕೌದಿಯ ಮೇಲೆ ಉರಿಯುವ ಬಿದಿರು ಗಳ ಬಿದ್ದು ಒಂದು ಮೂಲೆ ಸುಟ್ಟಿತು. ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಹೊಲಿಯದಿದ್ದರೆ ಅದು ಬತ್ತಲೆ ಎನ್ನುತ್ತೇವೆ, ಯಾರೂ ಹೊದೆಯುವುದಿಲ್ಲ. ಸುಟ್ಟ ಜಾಗಕ್ಕೆ ತೇಪೆ ಹಾಕಿದಳು, ಹೂವು ಮಾತ್ರ ಹಾಕಲಿಲ್ಲ. ನಾನು ಎಷ್ಟು ಚಂದದ ತುಂಡು ತಂದರೂ ಆಕೆಗೆ ಒಪ್ಪಿಗೆಯಾಗಲಿಲ್ಲ. "ಇರಲಿ ಬಿಡ, ಇದರ ಹೂವು ಇನ್ನೂ ಸಿಕ್ಕಿಲ್ಲ" ಎನ್ನುತ್ತಲೇ ತೀರಿಕೊಂಡಳು. ಅಲ್ಲಿಂದ ಅದು ಪೆಟ್ಟಿಗೆಯಲ್ಲೇ ಇತ್ತು. ಗಂಟಿನಲ್ಲಿ ಇರುವುದು ಅದೇ.

ಹೊತ್ತಿಗೆ ಸರಿಯಾಗಿ ಉಣ್ಣು. ಕೂದಲಿಗೆ ಎಣ್ಣೆ ಹಚ್ಚು, ಮುಚ್ಚಿಕೊಳ್ಳಬೇಡ.

ನಿನ್ನನ್ನು ಹೆತ್ತು ಬೀಗುವ,
ಅಮ್ಮಿ ಹುಸೇನಬಿ

ತಾ.ಕ.: ಒತ್ತಾಯ ಇಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮಾಮಾನಿಗೆ ಒಬ್ಬನೇ ವಾಪಸ್ ಬಾ ಎಂದು ಹೇಳಿ ಕಳಿಸಿದ್ದೇನೆ. ಈದಿಗೆ ಬಂದಾಗ ನಿನ್ನ ಯೂನಿಫಾರ್ಮ್ ಪ್ಯಾಂಟು ಉದ್ದವಾಯಿತೆಂದು ನನ್ನಿಂದ ಕತ್ತರಿಸಿಕೊಂಡೆಯಲ್ಲ ಗಿಡ್ಡಿ, ಆ ಖಾಕಿ ತುಂಡು ನಾನು ಎಸೆದಿರಲಿಲ್ಲ. ಕೌದಿಯ ನಾಲ್ಕನೇ ಮೂಲೆ ನೋಡು. ನಿನ್ನೆ ಹೊಲಿದೆ. ಇನ್ನು ಅದನ್ನು ಹೊದೆಯಬಹುದು.