ನಾಯಕರ ಜ್ಞಾನತಂದೆ

ಮಲಿನಾವ್,
ಮೇ ೧೬

ಮುದ್ದಿನ ಲಿಗಾಯಾ,

ಐವತ್ತು ವರ್ಷದಿಂದ ಈ ದೇಶಕ್ಕೆ ಕಾನೂನು ಬರೆಯುತ್ತಿರುವ ಅನಾಕ್ಲೆಟೋ ಬುಯೆನ್‌ವಿಯಾಹೆ ಅವರಿಗೆ ಜ್ಞಾನತಂದೆ ಯಾರು ಗೊತ್ತೇ? ನಿನ್ನ ಈ ಸೋದರಮಾವ! ಅವರಿಗೆ ಎಂಬತ್ತೆರಡು, ನನಗೆ ಎಪ್ಪತ್ತು. ಆದರೂ ನಾನೇ. ನಗಬೇಡ, ಪೂರ್ತಿ ಓದು.

ಅವರು ಮೊದಲ ಸಲ ಮತ ಕೇಳಲು ಬಂದಾಗ ನಮ್ಮ ಹೊಳೆಗೆ ಸೇತುವೆ ಇರಲಿಲ್ಲ. ಆಚೆ ದಡದಲ್ಲಿ ಬಡಕಲು ವಕೀಲರೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಹೆಗಲ ಮೇಲೆ ಹೊತ್ತು, ಹೂವಿನ ಹಾಗೆ ಈಚೆ ದಡಕ್ಕೆ ಇಳಿಸಿದೆ. ಗೆದ್ದರೆ ಸೇತುವೆ ಹಾಕಿಸುತ್ತೇನೆ ಎಂದರು. ಗೆದ್ದರು. ಆಮೇಲೆ ಸರ್ಕಾರದ ವಿರುದ್ಧ ಮಾತಾಡಿದ್ದಕ್ಕೆ ಮೂರು ವರ್ಷ ಜೈಲು. ಹೊರಗೆ ಬಂದು ಮತ್ತೆ ಗೆದ್ದರು. ಸೆನೆಟ್ಟಿಗೆ ಹೋದರು, ಮಂತ್ರಿಯಾದರು, ಗೇಣಿದಾರರನ್ನು ಒಕ್ಕಲೆಬ್ಬಿಸಬಾರದೆಂದು ಕಾನೂನು ತಂದರು. ನಿನ್ನವ್ವನ ಮನೆ ಉಳಿದದ್ದು ಅದರಿಂದಲೇ. ಸೇತುವೆ ಬರಲು ಹನ್ನೆರಡು ವರ್ಷ ಹಿಡಿಯಿತು, ಆದರೆ ಬಂತು. ನಮ್ಮೂರಿಗೆ ಅವರು ಇವತ್ತಿಗೂ ಬರೀ ವಕೀಲರು.

ಈ ಸಲ ಎದುರಾಳಿ ಒಬ್ಬ ಹಾಡುಗಾರ ಹುಡುಗ. ಅವನ ಕಡೆಯವರದು ಒಂದೇ ಮಾತು: ಮುದುಕನಿಗೆ ಮರೆವು ಹಿಡಿದಿದೆ. ಆ ಮಾತು ಮತವನ್ನೆಲ್ಲ ತಿನ್ನತೊಡಗಿತು. ಚರ್ಚಿನಲ್ಲಿ ಮೂರು ಸಲ ನೀರು ಹಾಕಿಸಿ, ಜ್ಞಾನಸ್ನಾನಕ್ಕೆ ತಾನೇ ಜ್ಞಾನತಂದೆಯಾಗಿ ನಿಂತ ಮಗುವಿನ ಹೆಸರನ್ನೇ ಮರೆತವನಿಗೆ ನಮ್ಮಲ್ಲಿ ಯಾರು ಮತ ಹಾಕುತ್ತಾರೆ? ನಮ್ಮೂರೊಂದರಲ್ಲೇ ವಕೀಲರಿಗೆ ಐವತ್ಮೂರು ಜ್ಞಾನಮಕ್ಕಳು. ಹಾಡುಗಾರನ ಕಡೆಯ ಕ್ಷೌರದ ಕುಲಾಸ್ ಸವಾಲು ಹಾಕಿದ: “ಕೊನೇ ಸಭೇಲಿ ಅಷ್ಟೂ ಜನರ ಹೆಸರು ಹೇಳ್ಲಿ ನೋಡಾಣ!” ವಕೀಲರು ಒಪ್ಪಿಕೊಂಡರು. ಆ ವಾರವೇ ನಾನು ನಿನ್ನ ಮಗುವಿನ ಜ್ಞಾನಸ್ನಾನಕ್ಕೆ ಅವರನ್ನು ಕೇಳಲು ಹೋಗಿದ್ದೆ. ಯೋಚಿಸಿ ಹೇಳುತ್ತೇನೆ ಎಂದರು. ಮೆಲ್ಚೋರ್ ಎಂಬ ನನ್ನನ್ನು ಮೂರು ಸಲ ಡೊರೊಟಿಯೋ ಎಂದು ಕರೆದರು. ವಯಸ್ಸಾಯಿತಲ್ಲ ಎಂದು ಸುಮ್ಮನೆ ಬಂದೆ.

ಸಭೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ. ಐವತ್ಮೂರು ಜನ ಸಾಲಾಗಿ ನಿಂತರು. ವಕೀಲರು ಕೋಲೂರಿಕೊಂಡು ಹೊರಟರು.

“ಪೊನ್ಸಿಯಾನೋ, ನಿನ್ ಮದುವೇಲಿ ಕೊಟ್ಟ ಗಡಿಯಾರ ಮಾರ್ಕೊಂಡ್ಯಂತೆ?”

“ಇಲ್ಲ ಜ್ಞಾನಪ್ಪಾ, ಕೆಟ್ಟೋಗಿದೆ!”

“ನಿನ್ ಥರಾನೇ ಅನ್ನು.”

ಜನ ಬಿದ್ದು ಬಿದ್ದು ನಕ್ಕರು. ಹೀಗೆ ಐವತ್ತೆರಡು ಹೆಸರು ತಪ್ಪಿಲ್ಲದೆ ಬಂದವು. ಕೊನೆಯವಳು ಮೀನು ಮಾರುವ ರೆಮೆಡಿಯೋಸ್. ವಕೀಲರು ಅವಳ ಮುಖ ನೋಡಿ ನಿಂತೇಬಿಟ್ಟರು. ಕುಲಾಸನ ಕಡೆಯವರು ಚಪ್ಪಾಳೆ ಶುರು ಮಾಡಿದರು. ನನ್ನ ಎದೆ ಡೋಲಿನ ಹಾಗೆ ಹೊಡೆದುಕೊಳ್ಳುತ್ತಿತ್ತು.

“ರೆಮೆಡಿಯೋಸ್,” ಎಂದರು ಕೊನೆಗೆ. “ನಮ್ಮವ್ವನ ಹೆಸರು ನಿಂಗಿಟ್ಟೋನು ನಾನೇ ಅಲ್ವೇನಮ್ಮ? ಈಗ ನೋಡಿದ್ರೆ ಅವಳ ಮುಖಾನೂ ಬಂದ್ಬಿಟ್ಟಿದೆ.”

ಕುಲಾಸನೇ ಟೋಪಿ ತೆಗೆದ. ಆಗ ವಕೀಲರ ಕೋಲು ನನ್ನ ಕಡೆ ತಿರುಗಿತು. “ಇನ್ನೊಬ್ಬ ಉಳ್ಕೊಂಡ. ಮೆಲ್ಚೋರ್! ಹೊತ್ಕೊಂಡು ಬಂದು ನಡುಹೊಳೇಲಿ ಕೆಡವಿದ ಪುಣ್ಯಾತ್ಮ. ಮೂರ್ ಸಲ ಮುಳುಗೆದ್ದೆ. ನಂಗೆ ಜ್ಞಾನಸ್ನಾನ ಮಾಡಿಸಿದೋನು ಇವ್ನೇ ಕಣ್ರಪ್ಪ!”

ಹೂವಿನ ಹಾಗೆ ಎಂದೆನಲ್ಲ, ಕಾಲು ಒಂಚೂರು ಜಾರಿತ್ತು. ಆದರೆ ನಾನು ಜ್ಞಾನತಂದೆ ಎಂದು ಇಡೀ ಊರಿನ ಮುಂದೆ ಒಪ್ಪಿಕೊಂಡವರು ಅವರೇ, ನೆನಪಿರಲಿ!

ನಾಲ್ಕು ಸಾವಿರದ ಇನ್ನೂರ ಹನ್ನೆರಡು ಮತಗಳ ಗೆಲುವು! ಊರವರು ಅವರನ್ನು ಹೆಗಲ ಮೇಲೆ ಹೊತ್ತು ಅದೇ ಸೇತುವೆ ದಾಟಿಸಿದರು. ನಾನೂ ಹೆಗಲು ಕೊಡಲು ಹೋದರೆ, “ಇವನೊಬ್ಬ ಬೇಡ್ರಪ್ಪೋ!” ಎಂದು ಕೂಗಿಕೊಂಡರು. ನಿನ್ನ ಮಗುವಿಗೆ ಜ್ಞಾನತಂದೆಯಾಗಲು ಒಪ್ಪಿದ್ದಾರೆ. ಜೂನ್ ಮೊದಲ ಭಾನುವಾರ. ಹೆಸರು ಬೇಗ ಬರೆದು ಕಳಿಸು, ಅವರು ಬಾಯಿಪಾಠ ಮಾಡಬೇಕಂತೆ.

ದೇಶದ ನಾಯಕರ ಜ್ಞಾನತಂದೆ,
ನಿನ್ನ ಮಾವ ಮೆಲ್ಚೋರ್

ತಾ.ಕ.: ಔತಣಕ್ಕೆ ಹಂದಿ ಇರುವುದಿಲ್ಲ, ಮೀನು ಸಾಕು. ಕೋಳಿ ಅಂಕದಲ್ಲಿ ಆ ಸವಾಲಿನ ಮೇಲೆ ಪಂದ್ಯ ನಡೆದಿತ್ತು. ಡೊರೊಟಿಯೋ ಎಂದವರು ಐವತ್ಮೂರು ಹೆಸರು ಹೇಗೆ ಹೇಳಿಯಾರು ಎಂದು, ವಕೀಲರು ಸೋಲುತ್ತಾರೆಂದೇ ನಾನು ಕಟ್ಟಿದೆ. ಎದುರು ಕಟ್ಟಿದವಳು ರೆಮೆಡಿಯೋಸ್. ಅವಳ ಮುಂದೆ ಅವರು ಸುಮ್ಮನೆ ನಿಂತಾಗ ನನ್ನ ಎದೆ ಹೊಡೆದುಕೊಂಡದ್ದು ಭಯಕ್ಕಲ್ಲ, ತಾಯಿ. ಆಮೇಲೆ ವಕೀಲರು ನನ್ನ ಕಿವಿಯಲ್ಲಿ, “ಆ ಮುಳುಗಿನ ಸೇಡಿಗೆ ಐವತ್ತು ವರ್ಷ ಕಾದೆ ಕಣೋ, ಡೊರೊಟಿಯೋ,” ಎಂದರು. ಮತ ಮಾತ್ರ ಅವರಿಗೇ ಹಾಕಿದ್ದೇನೆ, ಆಣೆ. ಐನೂರು ಪೆಸೊ ಹೋಯಿತೆಂದು ನಿನ್ನವ್ವನಿಗೆ ಹೇಳಿದ್ದೇನೆ. ಹೋದದ್ದು ನೀನು ಹಂದಿಗೆಂದು ಕಳಿಸಿದ ಅಷ್ಟೂ, ಹನ್ನೆರಡು ಸಾವಿರದ ನಾನೂರು.